ಆಟದ ಸಿಂಹಾಸನಕ್ಕೆ ಕನ್ನಡದ ಯಾವ ಅರಸ?

1991ರಲ್ಲಿ ಅಮೆರಿಕದ ಮೈಕ್ರೋಪ್ರೋಸ್ ಕಂಪನಿ ‘ಸಿವಿಲೈಜೇಷನ್’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದಾಗ ಅದರಲ್ಲಿ ಭಾರತಕ್ಕೂ ಒಂದು ಜಾಗ ಸಿಕ್ಕಿತ್ತು. ಆಟ ಶುರುವಾಗುವುದು ಕ್ರಿ.ಪೂ. 4000ದಲ್ಲಿ. ಆಡುವವರು ಒಂದು ನಾಗರಿಕತೆಯನ್ನು ಆರಿಸಿಕೊಂಡು ಮೊದಲ ಊರು ಕಟ್ಟಬೇಕು, ಹೊಲ ಹಸನು ಮಾಡಬೇಕು, ಅಕ್ಷರ, ಚಕ್ರ, ಕಂಚು, ಕಬ್ಬಿಣ ಎಲ್ಲವನ್ನೂ ಒಂದೊಂದಾಗಿ ಕಲಿಯಬೇಕು, ನೆರೆಯವರ ಜೊತೆ ಸಂಧಿಯನ್ನೋ ಸಮರವನ್ನೋ ಮಾಡಿಕೊಂಡು ಬಾಹ್ಯಾಕಾಶ ಯುಗದವರೆಗೆ ಬಾಳಬೇಕು. ಪ್ರತಿ ನಾಗರಿಕತೆಗೂ ಒಬ್ಬ ನಾಯಕ. ರೋಮಿಗೆ ಸೀಸರ್, ಮಂಗೋಲರಿಗೆ ಚೆಂಗಿಸ್ ಖಾನ್, ಭಾರತಕ್ಕೆ ಮಹಾತ್ಮ ಗಾಂಧಿ. ಸಿಂಧೂ ಬಯಲಿನಲ್ಲಿ ಹರಪ್ಪ ತಲೆಯೆತ್ತುವ ಮೊದಲೇ ಪೋರಬಂದರಿನ ಗಾಂಧೀಜಿ ಈ ಆಟದಲ್ಲಿ ಭಾರತದ ಪಟ್ಟಕ್ಕೆ ಬಂದುಬಿಟ್ಟಿದ್ದರು.

ಮುಂದೆ ಆಟ ಒಂದರ ಮೇಲೊಂದು ಆವೃತ್ತಿ ಕಂಡಿತು. 1996ರ ಎರಡನೆಯ ಆವೃತ್ತಿಯಲ್ಲಿ ಗಾಂಧೀಜಿಯ ಪಕ್ಕದಲ್ಲಿ ಇಂದಿರಾ ಗಾಂಧಿ ಬಂದರು. 2005ರ ನಾಲ್ಕನೆಯದರಲ್ಲಿ ಅಶೋಕ ಸೇರಿಕೊಂಡ. 2018ರಲ್ಲಿ ಆರನೆಯ ಆವೃತ್ತಿಗೆ ಚಂದ್ರಗುಪ್ತ ಮೌರ್ಯ ಬಂದ. 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಏಳನೆಯ ಆವೃತ್ತಿಯಲ್ಲಿ ಪ್ರಾಚೀನ ಯುಗಕ್ಕೆ ಮೌರ್ಯರು, ನಡುವಿನ ಯುಗಕ್ಕೆ ಚೋಳರು, ಆಧುನಿಕ ಯುಗಕ್ಕೆ ಮೊಘಲರು ಇದ್ದಾರೆ. ಅಶೋಕನಿಗೆ ಎರಡು ರೂಪ: ಲೋಕವನ್ನು ಗೆಲ್ಲಹೊರಟವನು ಒಂದು, ಲೋಕವನ್ನು ತ್ಯಜಿಸಿದವನು ಇನ್ನೊಂದು.

ಕದಂಬರಿಂದ ವಿಜಯನಗರದವರೆಗೆ ಸಾವಿರ ವರ್ಷಕ್ಕೂ ಮಿಕ್ಕಿದ ಕನ್ನಡ ನಾಡಿನ ಅರಸೊತ್ತಿಗೆಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ತುಮಕೂರಿನ ಹಾಸ್ಟೆಲ್ಲಿನಲ್ಲೋ ಗುಬ್ಬಿ, ಕುಣಿಗಲ್ಲಿನ ಮನೆಯಲ್ಲೋ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗ ಹುಡುಗಿಯರು ರೋಮನ್ನು ಆಳಬಹುದು, ಇಂಕಾ ಜನರನ್ನು ಆಳಬಹುದು, ತಂಜಾವೂರಿನ ಚೋಳರಾಗಿ ಕಡಲು ದಾಟಬಹುದು. ತಮ್ಮ ಊರ ಶಾಸನದಲ್ಲಿ ಹೆಸರಿರುವ ದೊರೆಯಾಗಿ ಆಡುವ ಅವಕಾಶ ಈ ಆಟದಲ್ಲಿ ಅವರಿಗಿಲ್ಲ.

ಇನ್ನೊಂದು ಹೆಸರಾಂತ ಆಟ ‘ಏಜ್ ಆಫ್ ಎಂಪೈರ್ಸ್’ನ ಕತೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅದರ ಎರಡನೆಯ ಭಾಗ 1999ರಲ್ಲಿ ಬಂದಾಗ ಭಾರತ ಇರಲೇ ಇಲ್ಲ. 2013ರಲ್ಲಿ ಬಂದ ವಿಸ್ತರಣೆಯಲ್ಲಿ ಇಡೀ ಉಪಖಂಡ ‘ಇಂಡಿಯನ್ಸ್’ ಎಂಬ ಒಂದೇ ಹೆಸರಿನಡಿ ಸೇರಿತು. 2022ರ ಏಪ್ರಿಲ್‌ನಲ್ಲಿ ಅದನ್ನು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕಾಗಿ ಒಡೆದರು. ದಕ್ಷಿಣದವರೆಲ್ಲ ದ್ರಾವಿಡರ ಪಾಲಿಗೆ ಬಂದರು. ಅವರ ಸೈನಿಕರು ಆಡುವ ಮಾತು ತಮಿಳು, ಅವರ ಮಹಾಸೌಧ ದಾರಾಸುರದ ಐರಾವತೇಶ್ವರ ದೇಗುಲ, ಅವರ ಕಥಾನಾಯಕ ರಾಜೇಂದ್ರ ಚೋಳ. ರಾಜೇಂದ್ರನ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವನ ಜೀವಮಾನದ ದೊಡ್ಡ ಎದುರಾಳಿಗಳಾಗಿದ್ದ ಕಲ್ಯಾಣದ ಚಾಲುಕ್ಯರನ್ನು ಅವನೇ ಕಥಾನಾಯಕನಾದ ನಾಗರಿಕತೆಯೊಳಗೆ ಸೇರಿಸಿದರೆ ಚರಿತ್ರೆ ಬಲ್ಲವರಿಗೆ ಕಸಿವಿಸಿಯಾಗುತ್ತದೆ.

ಈ ದ್ರಾವಿಡರಿಗೆ ಆಟದಲ್ಲಿ ಕೊಟ್ಟಿರುವ ವಿಶೇಷ ವಿದ್ಯೆಗಳಲ್ಲಿ ಒಂದು ಮೂಸೆಯಲ್ಲಿ ಕಾಯಿಸಿ ಮಾಡುವ ಉಕ್ಕು. ಅದರ ಬೇರು ತುಮಕೂರು ಸೀಮೆಯಲ್ಲೂ ಇದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗಗಳ ಜೊತೆಗೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯನ್ನೂ ಕಬ್ಬಿಣ ಕರಗಿಸುವ ಸ್ಥಳವೆಂದು ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕರಿಮರಳನ್ನು ಜನ ಬಳಿದು ತಂದು ಕುಲುಮೆಗೆ ಹಾಕುತ್ತಿದ್ದರು. ಉಕ್ಕು ಬೇಕಾದಾಗ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿಯನ್ನಿಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಆಟದ ತೆರೆಯ ಮೇಲೆ ಒಂದು ಗುಂಡಿ ಒತ್ತಿದರೆ ಸಿಗುವ ಈ ಶಕ್ತಿಯ ಹಿಂದೆ ಹಾಗಲವಾಡಿ ಕಡೆಯ ಕುಲುಮೆಗಾರರ ಬೆವರಿದೆ.

ನಾಯಕರನ್ನು ಆರಿಸುವುದು ಹೇಗೆ? ಆಟ ರೂಪಿಸುವವರಿಗೆ ಇದಕ್ಕೆ ಎರಡು ದಾರಿಗಳಿವೆ. ಒಂದು, ತಾರೀಖು ಹೇಳಿದಂತೆ ಕೇಳುವುದು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ಆಟಗಳು ಈ ದಾರಿ ಹಿಡಿದಿವೆ. ‘ಯೂರೋಪಾ ಯೂನಿವರ್ಸಾಲಿಸ್’ನ ನಾಲ್ಕನೆಯ ಭಾಗ 1444ರ ನವೆಂಬರ್ 11ಕ್ಕೆ ಶುರುವಾಗುತ್ತದೆ. ಅಂದು ವಿಜಯನಗರದ ಗದ್ದುಗೆಯ ಮೇಲೆ ಇದ್ದವನು ಇಮ್ಮಡಿ ದೇವರಾಯ, ಹಾಗಾಗಿ ಆಟದಲ್ಲೂ ಅವನೇ. ‘ಕ್ರುಸೇಡರ್ ಕಿಂಗ್ಸ್’ನ ಮೂರನೆಯ ಭಾಗಕ್ಕೆ 867, 1066, 1178 ಹೀಗೆ ಹಲವು ಆರಂಭದ ವರ್ಷಗಳಿವೆ. 867ರಲ್ಲಿ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. 1066ರಲ್ಲಿ ಕಲ್ಯಾಣದಲ್ಲಿ ಒಂದನೆಯ ಸೋಮೇಶ್ವರ. 1178ರ ಹೊತ್ತಿಗೆ ಕಲ್ಯಾಣ ಕಳಚುರಿಗಳ ಕೈಲಿತ್ತು, ದ್ವಾರಸಮುದ್ರದಲ್ಲಿ ವೀರಬಲ್ಲಾಳ ಬೆಳೆಯುತ್ತಿದ್ದ. ಈ ಬಗೆಯ ಆಟದಲ್ಲಿ ಆಯ್ಕೆಯ ಹೊರೆ ಇಲ್ಲ, ಗದ್ದುಗೆಯಲ್ಲಿ ಯಾರಿದ್ದರೆ ಅವರು.

ಎರಡನೆಯ ದಾರಿ ಸಿವಿಲೈಜೇಷನ್ನಿನದು, ಕಷ್ಟವಿರುವುದು ಅಲ್ಲೇ. ಸಾವಿರಾರು ವರ್ಷಗಳ ಒಂದು ಜನಜೀವನಕ್ಕೆ ಒಂದು ಮುಖ, ಒಂದು ದನಿ, ಒಂದು ಸ್ವಭಾವ ಕೊಡಬೇಕು. ನಾಯಕನ ಬದುಕಿನಿಂದ ಆಟಕ್ಕೊಂದು ವಿಶೇಷ ಬಲ ಹುಟ್ಟಬೇಕು: ಗಾಂಧೀಜಿಗೆ ಸತ್ಯಾಗ್ರಹ, ಚಂದ್ರಗುಪ್ತನಿಗೆ ಅರ್ಥಶಾಸ್ತ್ರ. ಮಾತು ಆದಷ್ಟೂ ಅವರವರದೇ ಆಗಿರಬೇಕು. ಟ್ರಾಜನ್ ಲ್ಯಾಟಿನ್ ಮಾತಾಡುತ್ತಾನೆ, ಮಾಂಟೆಜುಮ ನಾಹುವಾಟ್ಲ್. ಜಗತ್ತಿನಾದ್ಯಂತ ಹೆಸರು ಗೊತ್ತಿದ್ದರೆ ಮಾರಾಟಕ್ಕೆ ಅನುಕೂಲ. ಆರಿಸಿದವರೆಲ್ಲ ಗಂಡಸರೇ ಆಗಬಾರದೆಂಬ ಎಚ್ಚರವೂ ಈಚೆಗೆ ಬಂದಿದೆ. ಮೊದಮೊದಲ ಆವೃತ್ತಿಗಳಲ್ಲಿ ಮಾವೊ, ಸ್ಟಾಲಿನ್ ಇದ್ದರು, ಈಗಿಲ್ಲ. ಏಳನೆಯ ಆವೃತ್ತಿಯಲ್ಲಿ ನಾಯಕರಾಗಲು ಪಟ್ಟವೇ ಬೇಕಿಲ್ಲ. ಕನ್‌ಫ್ಯೂಷಿಯಸ್, ಮೆಕಿಯಾವೆಲ್ಲಿ, ಗುಲಾಮರನ್ನು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್, ದೇಶ ಸುತ್ತಿದ ಇಬ್ನ್ ಬತೂತ ಇವರೆಲ್ಲ ಅಲ್ಲಿ ನಾಯಕರು. 14ನೆಯ ಶತಮಾನದಲ್ಲಿ ಕರಾವಳಿಗೆ ಬಂದಿದ್ದ ಈ ಬತೂತನೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದವನು.

ಆಟಕ್ಕೆ ಬಂದ ಇಬ್ಬರು ಮೌರ್ಯರಿಗೂ ಕರ್ನಾಟಕಕ್ಕೂ ಗಟ್ಟಿ ನಂಟಿದೆ. ಚಂದ್ರಗುಪ್ತ ಆಟದಲ್ಲಿ ಗಡಿ ವಿಸ್ತರಿಸುವ ಚಕ್ರವರ್ತಿ. ನೆರೆಯ ರಾಜ್ಯವೆಂದರೆ ಅವನಿಗೆ ಆಗದು. ಶ್ರವಣಬೆಳಗೊಳದ ಜೈನ ಪರಂಪರೆ ನೆನೆಯುವ ಚಂದ್ರಗುಪ್ತ ಬೇರೆ. ಅವನು ರಾಜ್ಯ ಬಿಟ್ಟು ಭದ್ರಬಾಹು ಮುನಿಯ ಬೆನ್ನಿಗೆ ತೆಂಕಣಕ್ಕೆ ನಡೆದು ಬಂದವನು, ಚಿಕ್ಕಬೆಟ್ಟದ ಮೇಲೆ ಸಲ್ಲೇಖನ ಕೈಗೊಂಡವನು. ಅಶೋಕನ ನಂಟಂತೂ ಬಂಡೆಯ ಮೇಲೇ ಇದೆ. ಬಹುಕಾಲ ಲೋಕ ಅವನನ್ನು ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲೇ ಕಂಡಿತ್ತು. 1892ರಲ್ಲಿ ಬಿ.ಎಲ್. ರೈಸ್ ತುಮಕೂರಿನ ನೆರೆಯ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಶಾಸನಗಳನ್ನು ಪತ್ತೆ ಹಚ್ಚಿದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ಬಿರುದಿನ ಹಿಂದಿದ್ದ ಅರಸ ಯಾರೆಂಬುದು ಹಾಗೆ ಖಚಿತವಾಯಿತು. ಇಂದು ತೆರೆಯ ಮೇಲೆ ಅಶೋಕ ಎಂದು ಬರೆದುಕೊಂಡು ನಿಲ್ಲುವ ಆ ನಾಯಕನನ್ನು ಹೆಸರು ಹಿಡಿದು ಗುರುತಿಸಿಕೊಟ್ಟದ್ದು ಕನ್ನಡ ನೆಲದ ಕಲ್ಲು.

ಹಾಗಾದರೆ ಪ್ರಾಚೀನ ಕನ್ನಡ ನಾಡಿಗೇ ಒಂದು ಪಾತ್ರ ಸಿಕ್ಕಿದರೆ ಯಾರನ್ನು ನಿಲ್ಲಿಸಬೇಕು?

ಇಂಥ ಆಯ್ಕೆ ಈ ನಾಡಿಗೆ ಹೊಸದೇನಲ್ಲ. ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ಗುಬ್ಬಿಯ ಮಣ್ಣಿನಿಂದ ಎದ್ದ ಕಲಾವಿದರು ಇದೇ ಪ್ರಶ್ನೆಯನ್ನು ಎದುರಿಸಿ ಉತ್ತರ ಕೊಟ್ಟಿದ್ದಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ರಂಗಸಜ್ಜಿಕೆಯನ್ನೇ ಬದಲಿಸಿತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ರಾಜನೆಂದರೆ ಹೇಗೆ ನಡೆಯಬೇಕು, ಒಡ್ಡೋಲಗದಲ್ಲಿ ದನಿ ಎಷ್ಟು ಎತ್ತರಿಸಬೇಕು, ಕಿರೀಟ ಹೊತ್ತ ತಲೆ ಎಷ್ಟು ಬಾಗಬೇಕು ಎಂಬುದನ್ನು ಕನ್ನಡದ ಪ್ರೇಕ್ಷಕರು ಕಲಿತದ್ದರಲ್ಲಿ ಈ ಕಂಪನಿಯ ಪಾಲು ದೊಡ್ಡದು. ಅಲ್ಲಿಂದ ಬಂದವರು ರಾಜ್‌ಕುಮಾರ್, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು. ಇವರು ಬಾಲಕೃಷ್ಣ ಅವರನ್ನು ಕೂಡಿಕೊಂಡು ಕಲಾವಿದರ ಸಂಘ ಕಟ್ಟಿ ಸ್ವಂತ ಚಿತ್ರ ಮಾಡಲು ಹೊರಟಾಗ ಆರಿಸಿಕೊಂಡದ್ದು ಮೈಸೂರಿನ ಕಂಠೀರವ ನರಸರಾಜನನ್ನು. 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ಬಂತು. ಕನ್ನಡ ಚಿತ್ರಗಳ ಸಂಖ್ಯೆಯೇ ಕಡಿಮೆಯಿದ್ದ ಆ ದಿನಗಳಲ್ಲಿ ಅವರಿಗೆ ಬೇಕಿದ್ದವನು ಜಟ್ಟಿಯ ಮೈಕಟ್ಟಿನ, ಎದುರು ನಿಂತು ಸೆಣಸುವ ದೊರೆ.

ಆಮೇಲೆ 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀಕೃಷ್ಣದೇವರಾಯ’, 1975ರಲ್ಲಿ ‘ಮಯೂರ’. ನಾಲ್ಕಕ್ಕೂ ಒಂದೇ ಮುಖ, ರಾಜ್‌ಕುಮಾರ್ ಅವರದು. ಇಂದಿಗೂ ಕನ್ನಡಿಗರಲ್ಲಿ ಬಹುಮಂದಿಗೆ ಪುಲಕೇಶಿ ಎಂದರೆ ಕಣ್ಣಮುಂದೆ ನಿಲ್ಲುವುದು ಆ ಮುಖವೇ. ಆಟದ ಕಂಪನಿಗಳಿಗೆ ಮೂರು ಆಯಾಮದ ಬೊಂಬೆ ಮಾಡುವಾಗ ಬೇಕಾಗುವ ನಡೆ, ನೋಟ, ದನಿಯ ಏರಿಳಿತ ಎಲ್ಲವೂ ಈ ಪರಂಪರೆಯಲ್ಲಿ ಸಿದ್ಧವಾಗಿವೆ. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಹಳಗನ್ನಡದ ಮಾತನ್ನು ಎದೆತುಂಬಿ ಹೇಳಬಲ್ಲ ಕಲಾವಿದರನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಈಗ ಒಬ್ಬೊಬ್ಬರನ್ನೇ ನೋಡೋಣ. ಕೃಷ್ಣದೇವರಾಯ ಎಲ್ಲರಿಗಿಂತ ಸುಲಭದ ಆಯ್ಕೆ. 1509ರಿಂದ 1529ರವರೆಗೆ ಆಳಿದ ಇವನ ಮುಖ ಬಲ್ಲೆವು. ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಅವನ ಲೋಹದ ವಿಗ್ರಹ ತಿರುಮಲೆಯಲ್ಲಿದೆ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್ ಕಣ್ಣಾರೆ ಕಂಡು ಬರೆದ ವಿವರವೂ ಇದೆ: ಸಾಧಾರಣ ಎತ್ತರ, ತಿಳಿಬಣ್ಣ, ತುಸು ತುಂಬಿದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ ಕತ್ತಿ ತಿರುವಿ, ಕುಡಿದ ಎಣ್ಣೆ ಬೆವರಾಗಿ ಇಳಿಯುವವರೆಗೆ ಅಭ್ಯಾಸ ಮಾಡುತ್ತಿದ್ದ, ಆಮೇಲೆ ಜಟ್ಟಿಯ ಜೊತೆ ಕುಸ್ತಿ, ಕುದುರೆ ಸವಾರಿ. ಚಿತ್ರ ಬರೆಯುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಗುಬ್ಬಿಗೂ ಅವನ ಕಾಲ ಪರಿಚಿತ. ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ ಬರೆದದ್ದು 1513ರಲ್ಲಿ, ಇದೇ ರಾಯನ ಆಳ್ವಿಕೆಯಲ್ಲಿ. ಆದರೆ ಕೃಷ್ಣದೇವರಾಯ ಕನ್ನಡಕ್ಕೆ ಎಷ್ಟೋ ತೆಲುಗಿಗೂ ಅಷ್ಟೇ, ಅವನ ಕೈಯ ಕಾವ್ಯ ‘ಆಮುಕ್ತಮಾಲ್ಯದ’ ತೆಲುಗಿನದು. ಮೇಲಾಗಿ 16ನೆಯ ಶತಮಾನದ ಅರಸನನ್ನು ಪ್ರಾಚೀನ ನಾಗರಿಕತೆಯ ಪ್ರತಿನಿಧಿ ಎಂದರೆ ಕ್ರಿ.ಪೂ. 4000ಕ್ಕೆ ಗಾಂಧೀಜಿಯನ್ನು ಕಳಿಸಿದ ತಪ್ಪೇ ಸಣ್ಣ ಪ್ರಮಾಣದಲ್ಲಿ ಮರುಕಳಿಸಿದಂತೆ.

ಇಮ್ಮಡಿ ಪುಲಕೇಶಿ ಪ್ರಾಚೀನನೇ. ಹರ್ಷನನ್ನು ತಡೆದು ನಿಲ್ಲಿಸಿದವನು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅವನ ದಿಗ್ವಿಜಯವನ್ನು ಸಂಸ್ಕೃತದಲ್ಲಿ ಹಾಡಿದ್ದಾನೆ. 642ರಲ್ಲಿ ಪಲ್ಲವರ ದಾಳಿಗೆ ಬಾದಾಮಿ ಬಿದ್ದಾಗ ಅವನ ಕತೆ ಮುಗಿಯಿತು. ಸೋಲು ನಾಯಕತ್ವಕ್ಕೆ ಅಡ್ಡಿಯಲ್ಲ, ಕ್ಲಿಯೋಪಾತ್ರಳೂ ಸೋತವಳೇ. ಅವನ ಬಗ್ಗೆ ಉಳಿದಿರುವುದು ಬಹುಪಾಲು ಯುದ್ಧದ ಮಾತೇ ಆಗಿರುವುದು ಕೊರತೆ. ಆಟದಲ್ಲಿ ಅವನು ಇನ್ನೊಬ್ಬ ದಂಡನಾಯಕನಾಗಿ ಮಾತ್ರ ಉಳಿಯುತ್ತಾನೆ.

ಕುಣಿಗಲ್ಲಿನ ಕಡೆಯಿಂದ ನೋಡುವವರಿಗೆ ಟಿಪ್ಪು ಸುಲ್ತಾನ್ ನೆನಪಾಗದೆ ಇರುವುದಿಲ್ಲ. ಕುಣಿಗಲ್ ಕುದುರೆ ಫಾರಂ ಅವನ ಅಶ್ವದಳಕ್ಕೆ ಕುದುರೆ ಸಾಕಿದ ನೆಲವೆಂದು ಹೆಸರಾಗಿದೆ. ತಾಲ್ಲೂಕಿನ ಹುತ್ರಿದುರ್ಗ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆಯ ವಶವಾದ ಕೋಟೆ. ಶಿವಮೊಗ್ಗ ಜಿಲ್ಲೆಯ ನಗರದ ಬಳಿ 2018ರಲ್ಲಿ ಬಾವಿಯೊಂದರಿಂದ ಅವನ ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು. ಆಟಕ್ಕೆ ಬೇಕಾದ ಸರಂಜಾಮೆಲ್ಲ ಇದೆ. ಆದರೂ 18ನೆಯ ಶತಮಾನದವನು ಪ್ರಾಚೀನರ ಸಾಲಿಗೆ ಸೇರುವುದಿಲ್ಲ. ಅವನ ಹೆಸರಿನ ಜಯಂತಿಯನ್ನೇ ಸರ್ಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟ ರಾಜ್ಯದಲ್ಲಿ ಆ ಆಯ್ಕೆ ಆಟವನ್ನು ಬಿಟ್ಟು ಬೇರೆಲ್ಲ ಜಗಳಕ್ಕೂ ಎಡೆಯಾಗುತ್ತದೆ.

ಗುಬ್ಬಿ ತಾಲ್ಲೂಕಿನ ಕಡಬ ಇಲ್ಲಿ ನೆರವಿಗೆ ಬರುತ್ತದೆ. ದೊಡ್ಡ ಕೆರೆಯ ಆ ಊರಿನಲ್ಲಿ ಸಿಕ್ಕ ತಾಮ್ರಪಟಗಳು ಕ್ರಿ.ಶ. 812ರ ಕಾಲದವು. ರಾಷ್ಟ್ರಕೂಟರ ಮುಮ್ಮಡಿ ಗೋವಿಂದ, ಪ್ರಭೂತವರ್ಷ ಎಂಬ ಬಿರುದಿನವನು, ಕೊಟ್ಟ ದಾನದ ದಾಖಲೆ ಅದು. ವಿಷಯ ಬಹಳ ಸ್ವಾರಸ್ಯದ್ದು. ಗಂಗಮಂಡಲವನ್ನು ಆಳುತ್ತಿದ್ದವನು ಚಾಕಿರಾಜ. ಅವನ ಸೋದರಳಿಯ ವಿಮಲಾದಿತ್ಯ ‘ಕುನುಂಗಿಲ್’ ದೇಶದ ಅಧಿಕಾರಿ. ಕುನುಂಗಿಲ್ ಇಂದಿನ ಕುಣಿಗಲ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ವಿಮಲಾದಿತ್ಯನಿಗೆ ಶನಿಯ ಕಾಟ ಹತ್ತಿತ್ತು. ಯಾಪನೀಯ ಪಂಥದ ಜೈನ ಮುನಿ ಅರ್ಕಕೀರ್ತಿ ಆ ಪೀಡೆಯನ್ನು ಕಳೆದ. ಸಂತೋಷಗೊಂಡ ಚಾಕಿರಾಜ ಚಕ್ರವರ್ತಿಗೆ ಬಿನ್ನಹ ಮಾಡಿದ. ಮಾನ್ಯಪುರದ ಬಳಿಯ ಜಿನಾಲಯಕ್ಕಾಗಿ ಜಾಲಮಂಗಲ ಎಂಬ ಊರು ಆ ಮುನಿಗೆ ದಾನವಾಗಿ ಹೋಯಿತು.

ಉತ್ತರದ ಕನೌಜಿನವರೆಗೆ ದಂಡೆತ್ತಿ ಹೋಗಿ ನಾಗಭಟನನ್ನು ಸೋಲಿಸಿದ ಚಕ್ರವರ್ತಿ, ಕುಣಿಗಲ್ಲಿನ ಒಬ್ಬ ಅಧಿಕಾರಿಯ ಶನಿಕಾಟ ಕಳೆದ ಸಂತಸಕ್ಕೂ ಒಂದು ಊರನ್ನು ಬರೆದುಕೊಡುತ್ತಾನೆ. ಸಾಮ್ರಾಜ್ಯ ನಡೆಯುತ್ತಿದ್ದ ಬಗೆಯನ್ನು ಈ ತಾಮ್ರಪಟ ಹತ್ತಿರದಿಂದ ತೋರಿಸುತ್ತದೆ: ಮೇಲೆ ಚಕ್ರವರ್ತಿ, ನಡುವೆ ಮಂಡಲದ ಒಡೆಯ, ಕೆಳಗೆ ನಾಡಿನ ಅಧಿಕಾರಿ, ಇವರೆಲ್ಲರ ನಡುವೆ ನಂಬಿಕೆ, ನಂಟಸ್ತಿಕೆ, ದಾನ. ಸಿವಿಲೈಜೇಷನ್ ಬಗೆಯ ಆಟಗಳಲ್ಲಿ ಧರ್ಮ, ಆಡಳಿತ, ರಾಜತಂತ್ರ ಎಂದು ಬೇರೆ ಬೇರೆ ಖಾನೆಗಳಿರುತ್ತವೆ. ಕಡಬದ ತಾಮ್ರಪಟದಲ್ಲಿ ಅವೆಲ್ಲ ಒಂದೇ ಕಡೆ ಸೇರಿವೆ.

ಈ ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. ತಂದೆ ಮಗ ಇಬ್ಬರಲ್ಲಿ ಯಾರನ್ನು ಆರಿಸುತ್ತೇವೆ ಎನ್ನುವುದರಲ್ಲೇ ನಾವು ನಾಯಕನಿಂದ ಏನು ಬಯಸುತ್ತೇವೆ ಎಂಬುದು ಹೊರಬೀಳುತ್ತದೆ. ಗೆಲುವುಗಳ ಲೆಕ್ಕ ಹಿಡಿದರೆ ತಂದೆಯೇ ಮುಂದು. ಮಗ 814ರಲ್ಲಿ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು ದಂಗೆಗಳನ್ನು ಎದುರಿಸಿ, ಬಂಕೇಶನಂಥ ದಂಡನಾಯಕರ ಬಲದಿಂದ ಉಳಿದುಕೊಂಡು, 60 ವರ್ಷಕ್ಕೂ ಹೆಚ್ಚು ಕಾಲ ಆಳಿದ. ಅವನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ನಮಗೆ ಉಳಿದು ಬಂದಿರುವ ಕನ್ನಡದ ಮೊದಲ ಗ್ರಂಥ ಅದು, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಎಲ್ಲೆ ಹೇಳಿದ ಗ್ರಂಥ. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದೂ ಇವನ ಕಾಲದಲ್ಲಿ. 851ರ ಸುಮಾರಿಗೆ ಬರೆದ ಅರಬ್ ವರ್ತಕ ಸುಲೈಮಾನ್, ಬಾಗ್ದಾದಿನ ಖಲೀಫ, ಚೀನಾ ಮತ್ತು ರೂಮಿನ ಚಕ್ರವರ್ತಿಗಳ ಜೊತೆಗೆ ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ಈ ರಾಷ್ಟ್ರಕೂಟನನ್ನು ಎಣಿಸಿದ. 871ರ ಸಂಜಾನ್ ತಾಮ್ರಪಟ ಇನ್ನೊಂದು ಮಾತು ಹೇಳುತ್ತದೆ: ನಾಡಿಗೆ ಬಂದ ಕೇಡು ಕಳೆಯಲೆಂದು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ.

ಆಟದ ನಾಯಕನಿಗೆ ಬೇಕಾದ ಬಲಗಳೆಲ್ಲ ಇಲ್ಲಿವೆ. ಗಣಿತ ಮತ್ತು ಕಾವ್ಯ ಬೇಗ ಬೆಳೆಯುವ ನಾಗರಿಕತೆ, ದಂಗೆ ಎದ್ದಾಗ ನೆರವಿಗೆ ಧಾವಿಸುವ ದಂಡನಾಯಕ, ಸಂಕಟ ಬಂದಾಗ ತನ್ನದನ್ನು ಕಳೆದುಕೊಂಡು ಪ್ರಜೆಯನ್ನು ಉಳಿಸುವ ಅರಸ. ಅವನ ಮುಖ ಹೇಗಿತ್ತೋ ತಿಳಿಯದು, ಚಿತ್ರವಾಗಲಿ ವಿಗ್ರಹವಾಗಲಿ ಉಳಿದಿಲ್ಲ. ಮಾತು ಮಾತ್ರ ಉಳಿದಿದೆ. ಅವನ ಆಸ್ಥಾನದ ಕನ್ನಡ ಹೇಗಿತ್ತೆಂಬುದು ‘ಕವಿರಾಜಮಾರ್ಗ’ದಿಂದ ಗೊತ್ತು. ತೆರೆಯ ಮೇಲೆ ನಾಯಕರು ತಮ್ಮ ಕಾಲದ ನುಡಿಯಾಡಬೇಕೆನ್ನುವ ಆಟಕ್ಕೆ ಇದಕ್ಕಿಂತ ಗಟ್ಟಿ ಆಧಾರ ಕನ್ನಡದ ಬೇರೆ ಯಾವ ಪ್ರಾಚೀನ ದೊರೆಗೂ ಇಲ್ಲ.

ರಾಣಿಯರನ್ನು ಮರೆತರೆ ಆಯ್ಕೆ ಅರೆಬರೆಯಾಗುತ್ತದೆ. ತುಮಕೂರು ದಾರಿಯಲ್ಲಿ ಎಲ್ಲರೂ ಕಾಣುವ ಶಿವಗಂಗೆ ಬೆಟ್ಟದಲ್ಲಿ 1131ರಲ್ಲಿ ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಅವಳು ಕಟ್ಟಿಸಿದ್ದು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ನಾಡುಗಳನ್ನು ಆಳಿದ್ದಲ್ಲದೆ ಯುದ್ಧಕ್ಕೂ ಇಳಿದವಳು. ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೆಯ ಶತಮಾನದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ವ್ಯಾಪಾರದಿಂದ ಗೆಲ್ಲುವ ಆಟಕ್ಕೆ ಅವಳಂಥ ನಾಯಕಿ ಅಪರೂಪ.

ಪಟ್ಟವಿಲ್ಲದವರ ವಿಚಾರಕ್ಕೆ ಬಂದರೆ ತುಮಕೂರಿನ ಹತ್ತಿರದ ಕೈದಾಳಕ್ಕೆ ಹೋಗಬೇಕು. ಅಲ್ಲಿನ ಚೆನ್ನಕೇಶವ ದೇಗುಲಕ್ಕೆ ಬರುವವರ ಬಾಯಲ್ಲಿ ಜಕಣಾಚಾರಿಯ ಹೆಸರಿದೆ. ಬೇಲೂರಿನಲ್ಲಿ ಮಗ ಡಂಕಣ ವಿಗ್ರಹದ ಕಲ್ಲಿನೊಳಗೆ ಕಪ್ಪೆ ತೋರಿಸಿದ್ದು, ಮಾತು ಸೋತ ಶಿಲ್ಪಿ ಕೈ ಕಡಿದುಕೊಂಡದ್ದು, ಇಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದದ್ದು ಎಲ್ಲರಿಗೂ ಗೊತ್ತು. ಬೇಲೂರಿನ ಕಲ್ಲುಗಳ ಮೇಲೆ ದಾಸೋಜ, ಚಾವಣನಂಥ ರೂವಾರಿಗಳು ಹೆಸರು ಕೊರೆದುಕೊಂಡಿದ್ದಾರೆ, ಜಕಣಾಚಾರಿಯ ಹೆಸರು ಅಲ್ಲಿಲ್ಲ. ಕೈದಾಳದ ಶಾಸನ 12ನೆಯ ಶತಮಾನದ ನಡುವಿನಲ್ಲಿ ಈ ಗುಡಿಗಳನ್ನು ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಗುಳಿಬಾಚಿ ಎನ್ನುತ್ತದೆ. ಕತೆಯಲ್ಲಿ ಬದುಕಿರುವವನು ಒಬ್ಬ, ಕಲ್ಲಿನಲ್ಲಿ ಹೆಸರಿರುವವನು ಇನ್ನೊಬ್ಬ. ಆಟದ ಮಂದಿ ಇಬ್ಬರನ್ನೂ ತರಲಿ, ಆದರೆ ದಂತಕತೆಯ ವ್ಯಕ್ತಿ ಯಾರು, ದಾಖಲೆಯ ವ್ಯಕ್ತಿ ಯಾರು ಎಂಬುದನ್ನು ಆಡುವವರಿಗೆ ತಿಳಿಸಿ ಹೇಳಲಿ.

ಕನ್‌ಫ್ಯೂಷಿಯಸನಿಗೆ ಜಾಗವಿದ್ದರೆ ಬಸವಣ್ಣನಿಗೂ ಇರಬೇಡವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಆಡಳಿತಗಾರ ಅವನು. ಆದರೆ ತುಮಕೂರು ಬಳಿಯ ಗೂಳೂರು ‘ಶೂನ್ಯಸಂಪಾದನೆ’ಯ ಸಂಕಲನಕಾರರಲ್ಲಿ ಒಬ್ಬನಾದ ಸಿದ್ಧವೀರಣ್ಣೊಡೆಯನ ಊರು, ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗರ ಕ್ಷೇತ್ರ. ಈ ಸೀಮೆಯ ಮನೆಮನೆಗಳಲ್ಲಿ ಬಸವಣ್ಣ ಪೂಜೆಗೊಳ್ಳುವವನು. ಅಂಥವನನ್ನು ಯಾರೋ ಒಬ್ಬ ಆಟಗಾರ ನೆರೆಯ ಊರಿನ ಮೇಲೆ ದಂಡು ಕಳಿಸಲು ಬಳಸಿದರೆ ಜನರಿಗೆ ನೋವಾಗುವುದು ಸಹಜ. ಗಾಂಧೀಜಿಯ ವಿಷಯದಲ್ಲಿ ಆದದ್ದೂ ಇದೇ. ಮೊದಲ ಆವೃತ್ತಿಯಲ್ಲಿನ ದೋಷದಿಂದ ಗಾಂಧೀಜಿ ಅಣುಬಾಂಬ್ ಹಾಕುತ್ತಿದ್ದರು ಎಂಬ ಕತೆ ಲೋಕವೆಲ್ಲ ಹಬ್ಬಿತು. ಅದು ನಿಜವಲ್ಲ ಎಂದು ಆಟದ ಕರ್ತೃ ಸಿಡ್ ಮಯರ್ 2020ರ ತಮ್ಮ ಪುಸ್ತಕದಲ್ಲಿ ಬರೆದರೂ ಕತೆ ನಿಂತಿಲ್ಲ.

ಕೇಳಿ ಮಾಡುವ ರೂಢಿ ಈಗೀಗ ಬರುತ್ತಿದೆ. ಐದನೆಯ ಆವೃತ್ತಿಯ ವಿಸ್ತರಣೆಗೆ ಅಮೆರಿಕದ ಮೂಲನಿವಾಸಿ ಪ್ವೆಬ್ಲೊ ಜನರ ಮುಖಂಡ ಪೊಪೆಯನ್ನು ತರಲು ಹೊರಟಾಗ ಆ ಜನರ ಹಿರಿಯರು ಒಪ್ಪಲಿಲ್ಲ, ಕಂಪನಿ ಕೈಬಿಟ್ಟಿತು. 2018ರಲ್ಲಿ ಕೆನಡಾದ ಕ್ರೀ ನಾಯಕ ಪೌಂಡ್‌ಮೇಕರನನ್ನು ತಂದಾಗ ಅವನ ವಂಶದ ಸಮುದಾಯದ ಮುಖಂಡರು, ನೆಲ ಗೆಲ್ಲುವ ಆಟದ ರೀತಿ ನಮ್ಮ ಹಿರಿಯನ ಬಾಳಿಗೆ ಒಪ್ಪುವುದಿಲ್ಲವೆಂದು ಆಕ್ಷೇಪಿಸಿದರು. ಏಳನೆಯ ಆವೃತ್ತಿಯಲ್ಲಿ ಶಾನೀ ಜನರನ್ನೂ ಅವರ ನಾಯಕ ಟೆಕುಮ್ಸೆಯನ್ನೂ ಸೇರಿಸುವಾಗ ಕಂಪನಿ ಮೊದಲೇ ಆ ಜನರ ಜೊತೆ ಕೂತು ಕೆಲಸ ಮಾಡಿತು. ಕನ್ನಡದ ಅರಸನನ್ನೋ ಶರಣನನ್ನೋ ಆರಿಸುವವರು ಹಿಡಿಯಬೇಕಾದದ್ದು ಈ ಮೂರನೆಯ ದಾರಿ.

ಪ್ರಾಚೀನ ಕನ್ನಡ ನಾಡಿನ ಪ್ರತಿನಿಧಿಯಾಗಿ ಒಬ್ಬನನ್ನು ಮಾತ್ರ ನಿಲ್ಲಿಸಬೇಕಾದರೆ ಅದು ಅಮೋಘವರ್ಷ ನೃಪತುಂಗನೇ ಆಗಬೇಕು. ದಂಡಯಾತ್ರೆಯ ರಾಜರು ಎಲ್ಲ ನಾಡಿಗೂ ಇದ್ದಾರೆ. ನಾಡಿನ ಎಲ್ಲೆಯನ್ನು ಅಲ್ಲಿಯ ಜನರ ನುಡಿಯಿಂದ ಗುರುತಿಸಿದ ಗ್ರಂಥವನ್ನು ಪೋಷಿಸಿದ ದೊರೆ ಸಿವಿಲೈಜೇಷನ್ ಆಟಕ್ಕೆ ಇನ್ನೂ ಬಂದಿಲ್ಲ. ಅವನ ಬೆನ್ನಿಗೆ ಚೆನ್ನಭೈರಾದೇವಿ ಬರಲಿ.

ಹೊರಗಿನ ಕಂಪನಿ ಇದನ್ನು ಮಾಡಲಿ ಎಂದು ಕಾಯಬೇಕಾಗಿಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೋಡಿಂಗ್ ಕಲಿಯುತ್ತಿರುವವರು, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿರುವವರು, ಗುಬ್ಬಿಯ ರಂಗಪರಂಪರೆ ಬಲ್ಲವರು ಒಂದು ಕಡೆ ಕೂತರೆ ಕೆಲಸ ಇಲ್ಲೇ ಶುರುವಾಗುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯದೇ, 1904ರಲ್ಲಿ ಬಂದದ್ದು. ತುಮಕೂರು, ಗುಬ್ಬಿ, ಕುಣಿಗಲ್ ಎಂದು ತಾಲ್ಲೂಕುವಾರು ಶಾಸನಗಳನ್ನು ಅದರಲ್ಲಿ ಜೋಡಿಸಲಾಗಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಆಟಕ್ಕೆ ನಾಯಕನನ್ನು ಹುಡುಕುವವರು ಮೊದಲು ಅದನ್ನು ತೆರೆಯಲಿ.